ಮಾವನ ಗುಳಿಗೆ, ಅಕ್ಕನ ಪಥ್ಯ

ಪಾಮನಕಲ್ಲೂರಿನಿಂದ ಮುಕ್ಕುಂದದವರೆಗೆ ನನ್ನಷ್ಟು ಚೆಂದವಾಗಿ ಸುಳ್ಳು ಹೇಳುವವನು ಇನ್ನೊಬ್ಬನಿರಲಿಲ್ಲ. ಇದು ಜಂಬವಲ್ಲ, ಜನರೇ ಒಪ್ಪಿಕೊಂಡದ್ದು. ಕಾಲುವೆಗೆ ಮೊಸಳೆ ಬಂದಿದೆ ಎಂದು ನಾಟಿಯ ಹೆಂಗಸರನ್ನೆಲ್ಲ ಗದ್ದೆಯಿಂದ ಓಡಿಸಿ, ಅವರು ಬದುವಿನ ಮೇಲಿಟ್ಟಿದ್ದ ರೊಟ್ಟಿಗಳನ್ನು ಒಬ್ಬನೇ ಕೂತು ತಿಂದವನು ನಾನು. ಅಂಥವನು ಒಮ್ಮೆ ನಿಜ ಹೇಳಿ ಪಟ್ಟ ಪಾಡು ಇದು.

ಅಕ್ಕನನ್ನು ಮುಕ್ಕುಂದಕ್ಕೆ ಕೊಟ್ಟಿದ್ದೆವು. ಅವಳ ಗಂಡ, ನಮ್ಮ ಮಾವ, ಕಾಲುವೆ ನೀರು ಬಂದ ಮೇಲೆ ಭತ್ತಕ್ಕಿಳಿದವನು. ವರ್ಷದಲ್ಲಿ ಕೆಲವು ವಾರ ಅವನಿಗೆ ನಿದ್ದೆಯೇ ಬೇಕಾಗುತ್ತಿರಲಿಲ್ಲ. ಗುಡ್ಡದ ಮೇಲೂ ಭತ್ತ ಬೆಳೆಯುತ್ತೇನೆ ಎನ್ನುತ್ತಿದ್ದ, ಹಾದಿಹೋಕನಿಗೆ ಎತ್ತಿನ ಜೋಡಿ ಕೊಟ್ಟುಬಿಡುತ್ತಿದ್ದ. ಕೊನೆಗೂ ಒಬ್ಬ ಶಿಷ್ಯ ಸಿಕ್ಕ ಎಂದು ನಾನು ಇನ್ನಷ್ಟು ಹುರಿದುಂಬಿಸುತ್ತಿದ್ದೆ. ಆಮೇಲೆ ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದ. ಆಗ ನನ್ನ ಯಾವ ಆಟವೂ ನಡೆಯುತ್ತಿರಲಿಲ್ಲ. ತಾಯಿತ ಕಟ್ಟಿದ್ದಾಯಿತು, ದೆವ್ವ ಬಿಡಿಸಿದ್ದಾಯಿತು. ಕಡೆಗೆ ನಮ್ಮ ಅಪ್ಪ ಅಕ್ಕನಿಗೆ ಹೇಳಿಬಿಟ್ಟ: "ಈ ನಾಟಿ ಮುಗಿಯೋದ್ರಾಗ ಅವ ನೆಟ್ಟಗಾದ್ರ ಸರಿ. ಇಲ್ಲಾಂದ್ರ ಬಂಡಿ ಕಟ್ಕೊಂಡು ಬಂದು ನಿನ್ನ ಕರ್ಕೊಂಡು ಹೋಗತೀನಿ." ಅಕ್ಕನಿಗೆ ಗಂಡನನ್ನು ಬಿಟ್ಟು ಬರುವ ಮನಸ್ಸಿರಲಿಲ್ಲ.

ಮಾವನನ್ನು ಸಿಂಧನೂರಿನಲ್ಲಿ ಬಸ್ಸು ಹತ್ತಿಸಿ ಲಿಂಗಸುಗೂರಿನ ಡಾಕ್ಟರ ಹತ್ತಿರ ಒಯ್ದವನು ನಾನೇ. ಏರಿದ ಹುರುಪಿನಲ್ಲಿದ್ದ ಅವನು ಮಸ್ಕಿ ಬರುವಷ್ಟರಲ್ಲಿ ಬಸ್ಸಿನವರಿಗೆಲ್ಲ ಒಂದೊಂದು ಎಕರೆ ಹಂಚಿದ್ದ.

ಡಾಕ್ಟರು ನನಗೆ ಬಿಡಿಸಿ ಹೇಳಿದರು. "ಕಿವ್ಯಾಗ ಯಾರೋ ಮಾತಾಡಿದಂಗ ಕೇಳೋ ಬ್ಯಾನಿ ಬ್ಯಾರೆ, ಅದರ ಗುಳಗಿ ಬ್ಯಾರೆ. ಇವರದು ಮನಸ್ಸು ಏರೋದು, ಇಳಿಯೋದು. ಈ ಗುಳಗಿ ಅದನ್ನ ಹದಕ್ಕ ತರತೈತಿ. ಆರಾಮ ಆತಂತ ಬಿಡಬಾರದು. ನೀರು ಚೊಲೋತ್ನಂಗ ಕುಡೀಲಿ. ಉಪ್ಪು ಎಂದಿನಂಗ ತಿನ್ಲಿ, ಅದನ್ನ ಮಾತ್ರ ಬಿಡಿಸಬ್ಯಾಡ್ರಿ."

ನಮ್ಮ ಕಡೆ ಔಷಧಿ ಎಂದರೆ ಪಥ್ಯ, ಪಥ್ಯವೆಂದರೆ ಮೊದಲು ಉಪ್ಪು ಬಂದ್. ಮುಕ್ಕುಂದಕ್ಕೆ ಮರಳಿದವನೇ ಅಕ್ಕನಿಗೆ ಹೇಳಿದೆ.

"ಯಕ್ಕಾ, ಇದಕ್ಕ ಉಪ್ಪು ಬಿಡಿಸಬಾರದಂತ."

"ಉಪ್ಪು ತಿನ್ನು ಅನ್ನೋ ಡಾಕ್ಟರ್ ಯಾವ ಊರಾಗ ಅದಾನಲೇ? ನನ್ನ ಗಂಡನ ಮ್ಯಾಲೂ ನಿನ್ನ ಚ್ಯಾಷ್ಟಿ?"

"ನಿನ್ನಾಣಿ ಖರೇ ಐತಿ ಬೇ."

"ಮೊಸಳಿ ಬಂದಾಗೂ ನನ್ನ ಆಣೀನ ಹಾಕಿದ್ದಿ."

ಮಾವನಿಗೆ ಮೂರು ಹೊತ್ತೂ ಸಪ್ಪೆ ನುಚ್ಚು. ಎರಡು ವಾರಕ್ಕೆ ನಿದ್ದೆ ಬಂತು, ಮಾತು ಒಂದು ದಾರಿಗೆ ಬಂತು. ಅಕ್ಕ ತನ್ನ ಪಥ್ಯದ ಗುಣವೆಂದಳು. ಮೂರನೆಯ ವಾರ ಅವನ ಕೈಯಲ್ಲಿನ ಚಹದ ಬಟ್ಟಲು ಗಡಗಡ ನಡುಗಿತು, ಎದ್ದರೆ ಕಾಲು ತೂರಾಡಿದವು. ನನ್ನನ್ನೇ ಆಟ ಆಡಿಸುತ್ತಿದ್ದಾನೆಂದುಕೊಂಡು ನಾನೂ ಎದುರಿಗೆ ನಿಂತು ಹಾಗೇ ತೂರಾಡಿ ತೋರಿಸಿದೆ. ಮಾವ ನಗಲಿಲ್ಲ.

"ನಾಟಕ ಅಲ್ಲಲೇ. ಕೈ ನನ್ನ ಮಾತು ಕೇಳವಲ್ದು" ಎಂದವನ ನಾಲಿಗೆಯೂ ತೊದಲುತ್ತಿತ್ತು. ಹಿಂದೆಯೇ ವಾಂತಿ.

ಗುಳಿಗೆಯೇ ವಿಷವೆಂದು ಓಣಿಯವರು ತೀರ್ಪು ಕೊಟ್ಟರು. ಅಕ್ಕ ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡು ಕಾಲುವೆಯ ಕಡೆ ಹೊರಟಳು. ನಾನು ಅಡ್ಡ ನಿಂತೆ.

"ಚೆಲ್ಲೋದಾದ್ರ ಡಾಕ್ಟರ್ ಮುಂದ ಚೆಲ್ಲು ನಡಿ. ಈ ಸಲ ನೀನs ಕಿವಿಯಾರೆ ಕೇಳು."

ಮಾವನನ್ನು ಇಬ್ಬರೂ ಹಿಡಿದುಕೊಂಡು ಬಸ್ಸು ಹತ್ತಿದೆವು. ಡಾಕ್ಟರು ಕಣ್ಣು, ಕೈ ನೋಡಿ, "ಊಟಕ್ಕ ಏನು ಕೊಡಾಕತ್ತೀರಿ?" ಎಂದರು.

"ಬರೇ ಸಪ್ಪನ ನುಚ್ಚು ರೀ. ಪಥ್ಯ ಒಂದು ದಿನಾನೂ ತಪ್ಪಿಸಿಲ್ಲ" ಎಂದಳು ಅಕ್ಕ, ಶಾಭಾಸ್ ಸಿಗುತ್ತದೆಂದು ತಿಳಿದು.

"ಉಪ್ಪು ಕಮ್ಮಿಯಾದ್ರ ಈ ಔಷಧ ಹೊರಗ ಹೋಗಂಗಿಲ್ಲವ್ವಾ, ಮೈಯಾಗ ಕೂಡಿ ವಿಷ ಆಕೈತಿ. ನಿನ್ನ ತಮ್ಮಗ ಹೇಳಿ ಕಳಿಸಿದ್ನಲ್ಲ?"

ಅಕ್ಕ ನನ್ನನ್ನು ನೋಡಿದಳು. "ಹೇಳಿದ್ನರಿ. ಇವ ಹೇಳಿದ ಅಂತನs ನಾ ನಂಬಲಿಲ್ಲ."

ಡಾಕ್ಟರು ನಕ್ಕರು, ನನಗೆ ನಗು ಬರಲಿಲ್ಲ. ಗುಳಿಗೆ ನಿಲ್ಲಿಸಿ, ಸಲೈನ್ ಏರಿಸಿ, ಮಾವನನ್ನು ಕೆಲವು ದಿನ ಅಲ್ಲೇ ಇರಿಸಿಕೊಂಡರು. ನಡುಕ ಇಳಿದ ಮೇಲೆ ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರು ಮಾಡಿದರು. ಅಕ್ಕನ ಅಡುಗೆಗೆ ಉಪ್ಪು, ಖಾರ, ಹುಳಿ ಎಲ್ಲವೂ ಮರಳಿ ಬಂದವು.

ನಾಟಿ ಮುಗಿಯಲು ನಾಲ್ಕು ದಿನವಿದ್ದಾಗ ಅಪ್ಪ ಬಂಡಿ ಕಟ್ಟಿಕೊಂಡು ಬಂದ. ಮಾವ ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಸಾಲು ಸೊಟ್ಟಾಗಿದೆ ಎಂದು ಆಳುಗಳ ಜೊತೆ ತಣ್ಣಗೆ ಜಗಳಾಡುತ್ತಿದ್ದ. ಅಪ್ಪ ಬದುವಿನ ಮೇಲೆ ಬಹಳ ಹೊತ್ತು ಕೂತು ನೋಡಿದ.

"ಮಾವಾರ, ಮಗಳನ್ನ ಕರ್ಕೊಂಡು ಹೋಗಾಕ ಬಂದ್ರೇನ್ರಿ?" ಎಂದ ಮಾವ ಕೆಸರಿನಿಂದಲೇ.

"ಇಲ್ಲಪಾ. ಸಸಿ ಹೇರಾಕ ಬಂಡಿ ಬೇಕಾದೀತು ಅಂತ ತಂದೆ."

ಆ ಬಂಡಿ ನಾಲ್ಕು ದಿನ ಸಸಿ ಹೊತ್ತಿತು. ಐದನೆಯ ದಿನ ಅಪ್ಪ ಒಬ್ಬನೇ ಊರಿಗೆ ಹೊರಟ.