ಕಾಡಿಗೆ ಹಚ್ಚಿದ ಗಂಟು

ನೇಕಾರರ ಮನೆಯ ಕೂಸು ಮಾತು ಕಲಿಯುವ ಮೊದಲೇ ಗಂಟು ಹಾಕಲು ಕಲಿಯುತ್ತದೆ ಎಂದು ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ತಮಾಷೆ ಮಾಡುತ್ತಿದ್ದರು. ಮಗ್ಗದಲ್ಲಿ ರೇಷ್ಮೆಯ ಎಳೆ ಕಡಿಯುವುದು ದಿನವೂ ಇದ್ದದ್ದೇ. ಕಡಿಯಿತೆಂದು ಯಾರೂ ಕೂಗಿ ಹೇಳುವುದಿಲ್ಲ. ಎರಡು ತುದಿ ಹಿಡಿದು, ಹೊಸೆದು, ಕೂಡಿಸಿ ಮುಂದಕ್ಕೆ ಹೋಗುತ್ತಾರೆ. "ಕಡ್ದದ್ದು ಕೈಗ್ ಗೊತ್ತಿದ್ರೆ ಸಾಕು ಕಣ್ಲಾ, ಕಣ್ಗ್ ಗೊತ್ತಾಗ್ಬಾರ್ದು" ಎಂದು ನಮ್ಮಪ್ಪ ಹೇಳಿಕೊಟ್ಟಿದ್ದ. ಸೀರೆಯ ಮಟ್ಟಿಗೆ ಆ ಮಾತು ಸರಿ. ನಾನು ಅದನ್ನು ಸೀರೆಯಲ್ಲದ ಕಡೆ ನಡೆಸಿ ಒಬ್ಬ ಗೆಳೆಯನ ವರ್ಷಗಳ ದುಡಿಮೆಯನ್ನು ಕೆಡಿಸಿದೆ. ಅದನ್ನು ಅವನಿಗೆ ಹೇಳದೆ ಉಳಿದೆ.

ಅವನು ಯಳಂದೂರಿನವನು. ಐವತ್ತಾರರಲ್ಲಿ, ನಮ್ಮ ತಾಲ್ಲೂಕು ಮದರಾಸಿನಿಂದ ಮೈಸೂರಿಗೆ ಸೇರಿದ ವರ್ಷ, ನಮ್ಮ ಬೀದಿಯಲ್ಲೇ ಇದ್ದ ಅತ್ತೆಯ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದಲು ಬಂದ. ಯಳಂದೂರು ಮೊದಲಿಂದಲೂ ಮೈಸೂರಿನದು. ನಾವು ಅದುವರೆಗೆ ಕೊಯಮತ್ತೂರು ಜಿಲ್ಲೆಯವರು. ಒಂದೇ ಬೆಂಚಿನಲ್ಲಿ ಕೂತು ಇದಕ್ಕೇ ಜಗಳ.

"ಏನ್ಲಾ ಮದ್ರಾಸಿ, ಕೊನೆಗೂ ನಮ್ಮ ರಾಜ್ಯಕ್ಕೆ ಬಂದ್ಯಾ?" ಎನ್ನುತ್ತಿದ್ದ ಅವನು.

"ನಾನೆಲ್ಲಿ ಬಂದೆ? ನಾ ನಮ್ಮನೇಲೇ ಇವ್ನಿ. ಗಂಟು ಮೂಟೆ ಕಟ್ಕಂಡ್ ಬಂದೋನು ನೀನು!"

ನಮ್ಮ ಹಿತ್ತಲಲ್ಲಿ ಬಣ್ಣ ಹಾಕಿದ ನೂಲನ್ನು ತೊಳೆಯಲು ಒಂದು ತಾಮ್ರದ ಹಂಡೆ ಇತ್ತು. ಅದರ ಪಕ್ಕದಲ್ಲಿ ನೀರು ಬಿಡುವ ತೂತು. ಒಂದು ಮಧ್ಯಾಹ್ನ ಅವನು ನಮ್ಮವ್ವನ ಕನ್ನಡಿ ತಂದು, ಬಿಸಿಲನ್ನು ಹಂಡೆಯ ಬಾಯೊಳಕ್ಕೆ ತಿರುಗಿಸಿ, ತೂತಿನ ಬಟ್ಟೆ ಕಿತ್ತ. ಚಪ್ಪರದ ನೆರಳಲ್ಲಿ ನೀರು ಬಾಗಿ ಬೀಳುತ್ತಿತ್ತು. ಬಿದ್ದ ಕಡೆ ಕಲ್ಲಿನ ಮೇಲೆ ಬೆಳಕಿನ ಒಂದು ಬೊಟ್ಟು ನಡುಗುತ್ತಿತ್ತು.

"ನೋಡ್ಲಾ, ಬೆಳಕು ನೀರ್ ಜೊತೇಲೆ ಬಗ್ತದೆ" ಎಂದ. ಹಂಡೆಯ ನೀರೆಲ್ಲ ಖಾಲಿಯಾದದ್ದಕ್ಕೆ ನಮ್ಮವ್ವ ಇಬ್ಬರಿಗೂ ಬೈದಳು. ಅವನಿಗೆ ಕೇಳಿಸಲೇ ಇಲ್ಲ.

ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಮಗ್ಗದಲ್ಲಿ ಕೂತೆ. ಅವನು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿ, ಹೊರದೇಶದಲ್ಲಿ ಕೆಲವು ವರ್ಷ ಇದ್ದು, ತಿರುಗಿ ಬಂದು ಶಹರದ ಕಾಲೇಜಿನಲ್ಲಿ ಪ್ರೊಫೆಸರ್ ಆದ. ಕೂದಲಿನಷ್ಟು ಸಣ್ಣ ಗಾಜಿನ ಎಳೆ ತೆಗೆದು ಅದರೊಳಗೆ ಬೆಳಕು ಕಳಿಸಿ, ಆ ಬೆಳಕಿನಲ್ಲಿ ಟೆಲಿಫೋನಿನ ಮಾತು ಸಾಗಿಸುವುದು ಅವನ ಕೆಲಸ. ಗಾಜನ್ನು ಅವನೇ ಕುಲುಮೆಯಲ್ಲಿ ಕಾಯಿಸಿ ಶುದ್ಧಮಾಡಿ ತಯಾರಿಸುತ್ತಿದ್ದ. ಅಂಥ ಗಾಜು ಹೊರಗಿನಿಂದಲೇ ಬರಬೇಕು ಎನ್ನುವವರಿಗೆ, ನಮ್ಮಲ್ಲೂ ಆಗುತ್ತದೆ ಎಂದು ತೋರಿಸಬೇಕೆಂಬುದು ಅವನ ಹಟ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಬೇಸಿಗೆಯಲ್ಲಿ ಅವನು ಕಾಲೇಜಿನ ಜೀಪಿನಲ್ಲಿ ಒಂದು ದೊಡ್ಡ ಉರುಳೆ ತಂದು ನಮ್ಮ ನಡುಮನೆಯಲ್ಲಿ ಇಳಿಸಿದ. ಉರುಳೆಯ ತುಂಬ ಗಾಜಿನ ಎಳೆ, ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದಿತ್ತು. ಅದನ್ನು ಚಿಕ್ಕ ಉರುಳೆಗೆ ಪಕ್ಕಪಕ್ಕದಲ್ಲಿ, ಬಿಗಿಯಿಲ್ಲದಂತೆ ಸುತ್ತಿದರೆ ಮಾತ್ರ ಬೆಳಕು ಎಷ್ಟು ಉಳಿದು ಬರುತ್ತದೆಂದು ಅಳೆಯಲು ಆಗುತ್ತದಂತೆ. ಅವನ ಲ್ಯಾಬಿನ ಯಂತ್ರ ಎರಡು ಸಲ ಎಳೆಯನ್ನು ಕಡಿದಿತ್ತು.

"ಅಲ್ಲಿ ಎಲ್ರ ಮುಂದೂ ಏಳ್ಬುಟ್ ಬಂದಿವ್ನಿ ಕಣ್ಲಾ. ನಮ್ಮೂರಲ್ಲೊಬ್ಬ ಅವ್ನೆ, ಜೇಡರ ಬಲೆ ಕೊಟ್ರೂ ಕಡೀದಂಗ್ ಸುತ್ತಾನೆ ಅಂತ. ಇದೊಂದ್ ಗೆದ್ರೆ ನಿನ್ನ ನಮ್ ಲ್ಯಾಬಲ್ಲೇ ಕೆಲಸಕ್ಕೆ ತಕತೀನಿ."

ನನ್ನ ಹೆಂಡತಿ ಉರುಳೆಯನ್ನು ನೋಡಿ, "ಅಣ್ಣಾ, ಇದ್ರಲ್ಲಿ ಮಾತು ಓಯ್ತದೆ ಅಂತಿದ್ರಲ್ಲ, ಗಾಜು ಒಡ್ದೋದ್ರೆ ಮಾತೂ ಒಡ್ದೋಯ್ತದಾ?" ಎಂದಳು.

ಅವನು ನಕ್ಕ. "ಊಂ ಕಣವ್ವ. ಎಲ್ಲಿ ಗಾಯ ಆಗಿರ್ತದೋ ಅಲ್ಲೇ ಬೆಳಕು ಸೋರ್ತದೆ. ಕತ್ತಲೇಲಿ ಕೆಂಪಗೆ ಕಾಣ್ತದೆ."

ಮರುದಿನ ಬೆಳಿಗ್ಗೆ ಅವನು ಹನೂರಿನಲ್ಲಿದ್ದ ಅಕ್ಕನನ್ನು ನೋಡಲು ಹೋದ. ನಾವು ಕೆಲಸಕ್ಕೆ ಕೂತೆವು. ಹೆಂಡತಿ ರಾಟೆ ತಿರುಗಿಸುತ್ತಿದ್ದಳು, ನಾನು ಎರಡು ಬೆರಳ ನಡುವೆ ಎಳೆಯನ್ನು ನಡೆಸುತ್ತಿದ್ದೆ. ರೇಷ್ಮೆ ಬೆರಳಿಗೆ ಅಂಟುತ್ತದೆ, ಗಾಜು ಜಾರುತ್ತದೆ. ಆದರೂ ಕೈ ಬೇಗ ಒಗ್ಗಿಕೊಂಡಿತು. ನನಗೆ ಸ್ವಲ್ಪ ಸೊಕ್ಕೂ ಬಂದಿತ್ತು. ಮಧ್ಯಾಹ್ನದ ಸೆಕೆಗೆ ಹಣೆಯ ಬೆವರು ಕಣ್ಣಿಗಿಳಿಯಿತು. ನಿಲ್ಲಿಸು ಎನ್ನದೆ ಒಂದು ಕೈಯಲ್ಲಿ ಒರೆಸಿಕೊಂಡೆ. ಸದ್ದೇನೂ ಆಗಲಿಲ್ಲ. ಬೆರಳ ನಡುವೆ ಇದ್ದದ್ದು ಇಲ್ಲವಾಯಿತು, ಅಷ್ಟೆ.

ನಾನು ಯೋಚನೆ ಮಾಡಲಿಲ್ಲ. ಅಪ್ಪ ಕಲಿಸಿದ ಕೈ ತಾನೇ ನಡೆಯಿತು. ನೆಲ್ಲುಹುಲ್ಲಿನ ಕಡ್ಡಿಯನ್ನು ಸೀಳಿ, ಅದರ ತೋಡಿನಲ್ಲಿ ಎರಡು ತುದಿಗಳನ್ನು ಮುಖಕ್ಕೆ ಮುಖ ಕೂರಿಸಿ, ಬೇಲದ ಮರದ ಅಂಟು ಹಾಕಿದೆ. ಒಣಗಿತು. ಜಗ್ಗಿ ನೋಡಿದೆ, ಹಿಡಿದುಕೊಂಡಿತ್ತು.

"ಅವ್ರು ಬರ್ಲಿ, ಕಡೀತು ಅಂತ ಏಳ್ಬುಡೋಣ" ಎಂದಳು ಹೆಂಡತಿ.

"ಕೂಡ್ಕಂಡದೆ, ಸುಮ್ಕಿರು."

"ಬೆಳಕು ಸೋರ್ತದೆ ಅಂದ್ರಲ್ಲ?"

ಆ ಮಾತು ಕೇಳಿದ ಮೇಲೆ ನಾನು ಮಾಡಿದ್ದು ಅಭ್ಯಾಸಬಲದಿಂದ ಆದದ್ದಲ್ಲ. ಅಲ್ಲಿಯವರೆಗಿನ ತಪ್ಪನ್ನು ಕೈಯ ಮೇಲೆ ಹಾಕಬಹುದು. ಅವಳ ಕಾಡಿಗೆ ಡಬ್ಬಿ ಕೇಳಿದೆ. "ಮಗೀಗ್ ಇಡೋ ಕಾಡ್ಗೆ ಕಣ್ರಿ ಇದು" ಎಂದಳು, ಆದರೂ ಕೊಟ್ಟಳು. ಗಂಟಿನ ಮೇಲೆ ದಪ್ಪಗೆ ಮೆತ್ತಿ, ಅದರ ಮೇಲೆ ಉಳಿದ ಎಳೆಯನ್ನು ಸುತ್ತುತ್ತ ಹೋದೆ. ಸಂಜೆಯ ಹೊತ್ತಿಗೆ ಗಂಟು ಒಳಗೆಲ್ಲೋ ಹೂತುಹೋಯಿತು.

ಮಾರನೆಯ ಸಂಜೆ ಅವನು ಬಂದು, ನಡುಮನೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ, ಪೆಟ್ಟಿಗೆಯಿಂದ ಲೇಸರ್ ದೀಪ ತೆಗೆದು ಎಳೆಯ ಒಂದು ತುದಿಗೆ ಹಿಡಿದ. ಇನ್ನೊಂದು ತುದಿಯ ಎದುರಿನ ಗೋಡೆಯಲ್ಲಿ ಕೆಂಪು ಚುಕ್ಕೆ ಮೂಡಿತು.

"ಬಂತು ಕಣ್ಲಾ, ಬಂತು!" ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದ. ಉರುಳೆಯ ಸುತ್ತ ಬಗ್ಗಿ ಬಗ್ಗಿ ನೋಡಿದ. ಎಲ್ಲೂ ಸೋರಿದ್ದು ಕಾಣಲಿಲ್ಲ. "ಸ್ವಲ್ಪ ಮಂಕಾಗ್ಯದೆ. ದೀಪದ ತಾವ್ಲ ತುದಿ ಸರಿಯಾಗಿ ಕೂತಿಲ್ಲ ಅಂತ ಕಾಣ್ತದೆ. ಲ್ಯಾಬಲ್ಲಿ ನೋಡ್ಕತೀನಿ."

ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಗೋಡೆಯ ಚುಕ್ಕೆಯನ್ನು ನೋಡಿದೆ.

ಮಳೆಗಾಲ ಕಳೆದ ಮೇಲೆ ಯಳಂದೂರಿಗೆ ಹೋಗುವ ದಾರಿಯಲ್ಲಿ ಮತ್ತೆ ಬಂದ. ಕೈಯಲ್ಲಿ ಅದೇ ಉರುಳೆ. ಕೂತು ಮಜ್ಜಿಗೆ ಕುಡಿದ.

"ನನ್ನ ಗಾಜು ಬೆಳಕ್ನ ತಿಂದಾಕ್ತದೆ ಕಣ್ಲಾ. ಎಷ್ಟು ಅಳತೆ ಮಾಡಿದ್ರೂ ಅಷ್ಟೆ. ಸುತ್ತೋವಾಗ ಏನಾದ್ರೂ ಆಗಿರ್ಬೈದು ಅಂತ ದುಡ್ಡು ಕೊಡೋ ಕಮಿಟಿಯೋರು ಕೇಳಿದ್ರು. ಸುತ್ತಿರೋ ಕೈ ನಂಗ್ ಗೊತ್ತು, ನನ್ನ ಗಾಜ್ನ ಮೇಲಾದ್ರೂ ಅನುಮಾನ ಬೀಳ್ಲಿ, ಆ ಕೈ ಮೇಲೆ ಬೇಡ ಅಂದೆ."

"ಈಗೇನ್ ಮಾಡೀಯೆ?" ಎಂದೆ.

"ಸೋಮವಾರ ಬರ್ದು ಕೊಡ್ಬೇಕು, ಈ ಗಾಜಲ್ಲಿ ಆಗಕಿಲ್ಲ ಅಂತ. ಕುಲುಮೆ ಆರಿಸ್ಬುಡ್ತಾರೆ. ಬೇರೆ ಕೆಲಸ ಇದ್ದೇ ಅದೆ. ಗಾಳೀಲಿ ಬೆಳಕು ಕಳ್ಸದು, ಅದು ಇದು." ಉರುಳೆಯನ್ನು ನನ್ನ ತೊಡೆಯ ಮೇಲಿಟ್ಟ. "ಇದು ನೀನೇ ಇಟ್ಕ. ಇಷ್ಟ್ ಚಂದಾಗ್ ಸುತ್ತಿದ್ದೀಯ, ಬಿಸಾಕಕ್ಕೆ ಮನಸ್ ಬರ್ಲಿಲ್ಲ."

ಅವನು ಬಸ್ ಸ್ಟ್ಯಾಂಡಿಗೆ ಹೊರಟ. ಹೆಂಡತಿ ಒಳಗಿಂದ ಬಂದು ಮೆಲ್ಲಗೆ ಅಂದಳು: "ಇನ್ನೂ ಬಸ್ ಬಿಟ್ಟಿಲ್ಲ. ಓಗಿ."

ಓಡಿದೆ. ಉರುಳೆ ಕಂಕುಳಲ್ಲೇ ಇತ್ತು. ಯಳಂದೂರಿನ ಬಸ್ಸು ಇನ್ನೂ ನಿಂತಿತ್ತು. ಅವನು ಕಿಟಕಿಯ ಪಕ್ಕ ಕೂತಿದ್ದ. ನನ್ನನ್ನು ಕಂಡು ಕೈ ಹೊರಗೆ ಹಾಕಿದ.

"ಯಾಕ್ಲಾ ಮದ್ರಾಸಿ, ಇಂಗ್ ಓಡ್ಬಂದೆ?"

ಕಡಿದಿತ್ತು ಕಣೋ ಅನ್ನಬೇಕಿತ್ತು. ಅಷ್ಟೇ ಮಾತು. ಅವನು ಇಳಿದು, ಆ ಗಂಟನ್ನು ಕತ್ತರಿಸಿ ಎಸೆದು, ಉಳಿದ ಎಳೆಯನ್ನು ಮತ್ತೆ ಅಳೆಯುತ್ತಿದ್ದ. ಸೋಮವಾರಕ್ಕೆ ಇನ್ನೂ ದಿನವಿತ್ತು. ಆದರೆ ಅವನು ಕಮಿಟಿಯವರ ಮುಂದೆ ಎತ್ತಿ ಹಿಡಿದಿದ್ದ ನನ್ನ ಕೈ ಅವನ ಕೈಯಲ್ಲಿತ್ತು.

"ಏನಿಲ್ಲ" ಎಂದೆ. "ನಿಮ್ಮವ್ವನ್ನ ಕೇಳ್ದೆ ಅಂತ ಏಳು."

ಬಸ್ಸು ಹೋಯಿತು. ಅವನು ಬರೆದುಕೊಟ್ಟ, ಕುಲುಮೆ ಆರಿತು. ಆಮೇಲೆ ಅವನು ಬೆಳಕಿನ ವಿಷಯದಲ್ಲೇ ಬೇಕಾದಷ್ಟು ಕೆಲಸ ಮಾಡಿದ, ದೊಡ್ಡ ಹೆಸರು ಪಡೆದ. ಗಾಜಿನ ಎಳೆ ಮಾತ್ರ ಹೊರದೇಶದಿಂದ ಬಂತು. ಆ ಮಾತು ಬಂದಾಗಲೆಲ್ಲ, "ನಮ್ಮ ಗಾಜು ಸರಿಯಿರಲಿಲ್ಲ" ಎಂದು ತನ್ನ ವಿದ್ಯಾರ್ಥಿಗಳ ಎದುರೂ ಹೇಳುತ್ತಿದ್ದನಂತೆ. ಈಗ ಅವನಿಲ್ಲ.

ಅವನ ಗಾಜು ನಿಜವಾಗಿ ಕೆಟ್ಟದ್ದೇ ಇತ್ತೋ ಏನೋ. ಇದ್ದರೂ ಇರಬಹುದು. ಎಷ್ಟೋ ಸಲ ಹಾಗೆ ಅಂದುಕೊಂಡು ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ. ಆದರೆ ಅದು ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲೆಂದೇ ಅವನು ಅಷ್ಟು ವರ್ಷ ಬೆಂಕಿಯ ಮುಂದೆ ನಿಂತಿದ್ದ. ತಿಳಿಯದ ಹಾಗೆ ಮಾಡಿದವನು ನಾನು. ಉರುಳೆ ನಮ್ಮ ಅಟ್ಟದ ಮೇಲಿದೆ. ಗಂಟಿನವರೆಗೆ ಬಿಚ್ಚುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.