ಬಾವುಟದ ತಾತ

ಕಳೆದ ತಿಂಗಳು ಆದೋನಿಯ ಬಸ್ ನಿಲ್ದಾಣದಲ್ಲಿ ಕುಳಿತಿದ್ದೆ. ಪಕ್ಕದ ರೈತನ ಕೈಚೀಲದಿಂದ ಹುಳದ ಔಷಧಿಯ ವಾಸನೆ ಬಂತು. ಡಬ್ಬಿಯ ಮುಚ್ಚಳ ಸಡಿಲವಾಗಿತ್ತೇನೋ. ಬೆಳ್ಳುಳ್ಳಿಯನ್ನು ಸೀಮೆಎಣ್ಣೆಯಲ್ಲಿ ಜಜ್ಜಿದಂಥ ವಾಸನೆ. ಉಳಿದವರು ಮೂಗು ಮುಚ್ಚಿಕೊಂಡು ಎದ್ದು ಹೋದರು. ನಾನು ಕುಳಿತೇ ಇದ್ದೆ. ನಾನು ಹತ್ತಬೇಕಾಗಿದ್ದ ಬಸ್ಸು ಬಂತು, ಹೊರಟೂ ಹೋಯಿತು. ಕಣ್ಣೆದುರಿಗೇ ಬಸ್ಸು ತಪ್ಪಿಸಿಕೊಂಡದ್ದು ನನ್ನ ಜೀವಮಾನದಲ್ಲಿ ಅದೇ ಮೊದಲಿರಬೇಕು.

ಆ ವಾಸನೆ ನನಗೆ ಪರಿಚಯವಾದದ್ದು ಎಂಬತ್ತರ ದಶಕದಲ್ಲಿ. ನಾನಾಗ ಆದೋನಿಯ ಸರ್ಕಾರಿ ಕಚೇರಿಯೊಂದರಲ್ಲಿ ಕಿರಿಯ ಅಧಿಕಾರಿ. ಮೊದಲ ಮಳೆ ಬಿದ್ದು ಶೇಂಗಾ ಗೇಣುದ್ದ ಎದ್ದ ಮೇಲೆ, ಕೆಲವು ವರ್ಷ ಕಂಬಳಿ ಹುಳ ಹೊಲದಿಂದ ಹೊಲಕ್ಕೆ ದಾಟಿಕೊಂಡು ಬರುತ್ತಿತ್ತು. ಕೈಪಂಪಿನಿಂದ ತಡೆಯಲಾಗದಷ್ಟು ಹೆಚ್ಚಿದಾಗ ಔಷಧಿ ಹೊಡೆಯಲು ಒಂದು ಸಣ್ಣ ವಿಮಾನ ಬರುತ್ತಿತ್ತು. ದೇವನಕೊಂಡದ ಕಡೆ ಒಂದು ಬಂಜರು ನೆಲವನ್ನು ಸಮ ಮಾಡಿಸಿ, ಕಲ್ಲು ಆಯಿಸಿ, ಅದು ಇಳಿಯುವುದಕ್ಕೆ ಜಾಗ ಮಾಡಿದ್ದೆವು. ಆ ಜಾಗದ ಉಸ್ತುವಾರಿ ನನ್ನದು.

ವಿಮಾನ ಎರಡಾಳು ಎತ್ತರದಲ್ಲಿ ಹಾರುತ್ತಿತ್ತು. ಅಷ್ಟು ಕೆಳಗೆ ಹಾರುವವನಿಗೆ ಎಲ್ಲಿಯವರೆಗೆ ಔಷಧಿ ಬಿದ್ದಿದೆ, ಮುಂದಿನ ಸಾಲು ಎಲ್ಲಿ ಎಂದು ತಿಳಿಯುವುದಿಲ್ಲ. ಅದಕ್ಕಾಗಿ ಹೊಲದ ತುದಿಯಲ್ಲಿ ಒಬ್ಬ ಬಿಳಿ ಬಾವುಟ ಹಿಡಿದು ನಿಲ್ಲಬೇಕು. ವಿಮಾನ ಅವನನ್ನೇ ಗುರಿಯಾಗಿಟ್ಟುಕೊಂಡು ಬರುತ್ತದೆ. ಅದು ತಲೆಯ ಮೇಲೆ ಬರುವಷ್ಟರಲ್ಲಿ ಅವನು ಗಾಳಿ ಬರುವ ಕಡೆಗೆ ಇಪ್ಪತ್ತು ಹೆಜ್ಜೆ ಸರಿದು, ಮುಂದಿನ ಸಾಲಿಗೆ ನಿಂತಿರಬೇಕು. ಈ ಕೆಲಸ ಮಾಡುತ್ತಿದ್ದವನನ್ನು ಎಲ್ಲರೂ ಬಾವುಟದ ತಾತ ಎನ್ನುತ್ತಿದ್ದರು. ಅಲ್ಲಿಯದೇ ಊರಿನವನು, ಹೊಲದ ಕೂಲಿ. ಅರವತ್ತರ ಹತ್ತಿರದ, ಒಣಗಿದ ಮೈ. ತಲೆಗೆ ಬಿಳಿ ರುಮಾಲು. ಒಮ್ಮೆ ನಾನು ಅಳತೆಪಟ್ಟಿ ತರಿಸಿ ಅವನ ಇಪ್ಪತ್ತು ಹೆಜ್ಜೆಯನ್ನು ನಾಲ್ಕು ಸಲ ಅಳೆಸಿದೆ. ನಾಲ್ಕು ಸಲವೂ ಬೆರಳಷ್ಟು ವ್ಯತ್ಯಾಸ ಬರಲಿಲ್ಲ. ಆ ದಿನದಿಂದ ಅವನ ಮೇಲೆ ನನಗೊಂದು ಮೆಚ್ಚುಗೆ.

ವಿಮಾನವನ್ನು ಅವನು ಅಳಿಯ ಎಂದು ಕರೆಯುತ್ತಿದ್ದ.

"ಹೌದಲ್ರಿ ಸಾರ್? ವರ್ಷಕ್ಕ ಒಂದ್ಸಲ ಬರ್ತಾನ. ಗದ್ದಲ ಮಾಡ್ತಾನ. ಊರ ಮಂದೆಲ್ಲಾ ನಿಂತು ನೋಡ್ತಾರ. ಹೋಗುವಾಗ ಮಾವನ ಮೈಗೆ ಎಣ್ಣಿ ಸಿಡಿಸಿ ಹೋಗ್ತಾನ."

ವಿಮಾನ ನಡೆಸುವವನು ಉತ್ತರದವನು. ಅವನ ಮಾತು ತಾತನಿಗೆ, ತಾತನ ಮಾತು ಅವನಿಗೆ ಬಾರದು. ಆದರೂ ಇಳಿದ ಕೂಡಲೇ ಅವನು ಮೊದಲು ತಾತನ ಹೆಗಲ ಮೇಲೆ ಕೈಹಾಕಿ, ಬೀಡಿ ಕೇಳುತ್ತಿದ್ದ...

ಒಂದು ವರ್ಷ, ವಿಮಾನ ಬರುವ ಹೊತ್ತಿಗೆ ಸರಿಯಾಗಿ, ದೂರದ ದೊಡ್ಡ ನಗರವೊಂದರ ವಿಮಾನ ನಿಲ್ದಾಣದಲ್ಲಿ ಬಾಂಬು ಸಿಡಿದು ಹಲವರು ಸತ್ತರು. ರೇಡಿಯೋದಲ್ಲಿ ಸುದ್ದಿ ಕೇಳಿದ ವಾರದೊಳಗೆ ನಮಗೂ ಆದೇಶ ಬಂತು. ಸಣ್ಣ ವಿಮಾನಗಳು ಇನ್ನು ಮುಂದೆ ತಮ್ಮ ಇಷ್ಟಕ್ಕೆ ಹಾರುವಂತಿಲ್ಲ. ಪ್ರತಿದಿನ ಬೆಳಿಗ್ಗೆ ಹೈದರಾಬಾದಿಗೆ ಟ್ರಂಕ್ ಕಾಲ್ ಮಾಡಿ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಯಾವ ದಿಕ್ಕಿಗೆ, ಎಷ್ಟು ಎತ್ತರದಲ್ಲಿ ಎಂದು ಹೇಳಿ ಅನುಮತಿಯ ಸಂಖ್ಯೆ ಪಡೆಯಬೇಕು. ಪೆಟ್ರೋಲ್ ಪೀಪಾಯಿಗಳಿಗೆ ಮೊಹರು, ಕಾವಲು. ಸಂಜೆ ವಿಮಾನದ ಚಕ್ರಕ್ಕೆ ಸರಪಳಿ ಹಾಕಿ ಬೀಗದಕೈ ನನ್ನಲ್ಲಿಟ್ಟುಕೊಳ್ಳಬೇಕು. ಫೋಟೋ ಇರುವ ಪಾಸ್ ಇಲ್ಲದವರು ಗಡಿಗೆ ಕಟ್ಟಿದ ಹಗ್ಗದ ಒಳಗೆ ಬರುವಂತಿಲ್ಲ, ಅಂಥವರು ನೆಲದಿಂದ ವಿಮಾನಕ್ಕೆ ಯಾವ ಸಂಜ್ಞೆಯನ್ನೂ ಮಾಡುವಂತಿಲ್ಲ. ಕೊನೆಯದಾಗಿ, ಔಷಧಿ ಬೀಳುವ ಹೊಲದಲ್ಲಿ ಜನ, ದನ ಯಾರೂ ಇಲ್ಲವೆಂದು ಪ್ರತಿ ಬೆಳಿಗ್ಗೆ ಅಧಿಕಾರಿ ಬರೆದು ಸಹಿ ಮಾಡಬೇಕು.

ಆ ಆದೇಶದಲ್ಲಿ ಅನಗತ್ಯವಾದದ್ದು ಒಂದೂ ಇಲ್ಲವೆಂದೇ ನನಗೆ ಅನಿಸಿತ್ತು. ಈಗಲೂ ಹಾಗೇ ಅನಿಸುತ್ತದೆ. ನಾನು ಬೆಳೆದದ್ದು ಮಂತ್ರಾಲಯದಲ್ಲಿ, ಸೂರ್ಯ ಹುಟ್ಟುವ ಮೊದಲೇ ನದಿಗೆ ಹೋಗಿ ಸ್ನಾನ, ಜಪ ಮುಗಿಸುವ ಮನೆಯಲ್ಲಿ. ನಿಯಮ ಎಂದರೆ ನನಗೆ ಭಾರವಲ್ಲ, ಕಾಲ ಕೆಳಗಿನ ನೆಲ. ಎರಡೇ ದಿನದಲ್ಲಿ ಎಲ್ಲವನ್ನೂ ಜಾರಿಗೆ ತಂದೆ.

ತೊಡಕಾದದ್ದು ತಾತನ ಪಾಸು. ಪಾಸಿಗೆ ಪೊಲೀಸ್ ವಿಚಾರಣೆ ಆಗಬೇಕು, ಅದಕ್ಕೆ ಹದಿನೈದು ದಿನ. ಹುಳ ಹದಿನೈದು ದಿನ ಕಾಯುವುದಿಲ್ಲ. ಕಾವಲಿಗೆ ಬಂದಿದ್ದ ಇಬ್ಬರು ಕಾನ್‌ಸ್ಟೇಬಲ್‌ಗಳಿಗೆ ಪಾಸು ಇತ್ತು. ಅವರಿಗೆ ಬಾವುಟ ಕೊಟ್ಟು, ಇಪ್ಪತ್ತು ಹೆಜ್ಜೆಯ ಬದಲು ಅಳತೆಯ ಹಗ್ಗ ಕೊಟ್ಟೆ. ಒಂದು ಗಂಟೆಯಲ್ಲಿ ಸಮಸ್ಯೆ ಬಗೆಹರಿಯಿತು. ನನ್ನ ಚುರುಕಿಗೆ ನಾನೇ ಮೆಚ್ಚಿಕೊಂಡೆ.

ತಾತ ಹಗ್ಗದ ಹೊರಗೆ ನಿಂತು ಕೇಳಿದ. "ಅಳಿಯ ಬಂದಾಗ ಮಾವ ಮನ್ಯಾಗ ಕುಂದರಬೇಕೇನ್ರಿ?"

"ಆದೇಶ ಬಂದದ ತಾತಾ. ನನ್ನ ಕೈಯ್ಯಾಗಿಲ್ಲ."

"ಹಂಗಾರ ನಾ ಬಾವುಟ ಹಿಡಿಯೂದಿಲ್ಲ ಬಿಡ್ರಿ. ಮುಂಜಾನಿ ಒಂದು ಸುತ್ತು ಹೊಲದಾಗ ಅಡ್ಡಾಡಿ ಬರ್ಲೇನು?"

ಅವನು ಯಾಕೆ ಅಡ್ಡಾಡಬೇಕೆನ್ನುತ್ತಾನೆಂದು ನಾನು ಕೇಳಲಿಲ್ಲ. ಪಾಸಿಲ್ಲದೆ ಆಗುವುದಿಲ್ಲ ಎಂದೆ. ಆಮೇಲೆ ತಿಳಿಯಿತು, ಅಷ್ಟು ವರ್ಷವೂ ಅವನು ಬೆಳಗಾಗುವ ಮೊದಲೇ ಹೊಲವನ್ನೆಲ್ಲ ತುಳಿದು ಬರುತ್ತಿದ್ದ. ಬದುವಿನಲ್ಲಿ ಕುರಿ ಕೂಡಿಹಾಕಿ ಮಲಗಿದವರನ್ನು ಎಬ್ಬಿಸಿ ಕಳಿಸುತ್ತಿದ್ದ. ಬಾವಿಯ ಬಾಯಿಗೆ ಚಾಪೆ ಮುಚ್ಚುತ್ತಿದ್ದ. ಕಳೆ ತೆಗೆಯಲು ಬಂದ ಹೆಂಗಸರನ್ನು ಆಚೆ ಹೊಲಕ್ಕೆ ಅಟ್ಟುತ್ತಿದ್ದ. ಇದು ಅವನ ಕೆಲಸವೆಂದು ಯಾರೂ ಹೇಳಿರಲಿಲ್ಲ, ಎಲ್ಲಿಯೂ ಬರೆದಿರಲಿಲ್ಲ. ಬರೆಯದ ಕೆಲಸ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಮೊದಲೆರಡು ದಿನ ಎಲ್ಲ ಸುಸೂತ್ರ. ಮೂರನೆಯ ದಿನ ಬೆಳಿಗ್ಗೆ ಆರೂವರೆಗೆ ಅನುಮತಿಯ ಸಂಖ್ಯೆ ಬಂತು. ಕಾನ್‌ಸ್ಟೇಬಲ್‌ಗಳು ಜೀಪಿನಲ್ಲಿ ಒಂದು ಸುತ್ತು ಹಾಕಿ ಬಂದರು.

"ಎವರೂ ಲೇರು ಸಾರ್," ಎಂದ ಒಬ್ಬ ತೆಲುಗಿನಲ್ಲಿ, ಯಾರೂ ಇಲ್ಲವೆಂದು. "ಹೊಲ ಖಾಲಿ ಐತಿ."

ನಾನು ಸಹಿ ಮಾಡಿದೆ. ನಾನೇ ಒಮ್ಮೆ ನಡೆದು ನೋಡಬೇಕಿತ್ತು. ಅದಕ್ಕೆ ಕಾಲು ಗಂಟೆ ಸಾಕಿತ್ತು... ಆದರೆ ಅನುಮತಿ ಏಳಕ್ಕೆ ಶುರು, ವಿಮಾನವನ್ನು ಏಳಕ್ಕೇ ಏರಿಸಬೇಕೆಂಬುದು ನನ್ನ ಹಟ.

ಪಕ್ಕದ ಹೊಲಕ್ಕೆ ಆ ದಿನ ಬೇರೆ ಊರಿನ ಹೆಂಗಸರು ಕಳೆಗೆ ಬಂದಿದ್ದರು. ಊರಲ್ಲಿ ಹೊಡೆಸಿದ್ದ ಡಂಗುರ ಅವರು ಕೇಳಿರಲಿಲ್ಲ. ಅವರಲ್ಲಿ ಒಬ್ಬಳು ನೆರಳು ನೋಡಿ, ನಾವು ಔಷಧಿ ಹೊಡೆಯಬೇಕಿದ್ದ ಹೊಲದ ಬದುವಿನ ಬೇವಿನ ಗಿಡಕ್ಕೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿ ಹೋಗಿದ್ದಳು. ಜೀಪಿನ ದಾರಿಯಿಂದ ಆ ಗಿಡ ಕಾಣುವುದಿಲ್ಲ. ಹಗ್ಗದ ಹೊರಗೆ ದಿಬ್ಬದ ಮೇಲೆ ಸುಮ್ಮನೆ ಕುಳಿತಿದ್ದ ತಾತನಿಗೆ ಕಂಡಿತು.

ನಾನು ದೂರದಿಂದ ನೋಡಿದ್ದು ಇಷ್ಟು. ವಿಮಾನ ತಿರುಗಿ ಕೆಳಗಿಳಿಯಿತು. ತಾತ ಹಗ್ಗ ದಾಟಿ, ಶೇಂಗಾ ಸಾಲುಗಳನ್ನು ತುಳಿಯುತ್ತಾ ಓಡಿದ. ರುಮಾಲು ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲೆ ಅಡ್ಡಡ್ಡ ಬೀಸಿದ. ವಿಮಾನ ಔಷಧಿ ನಿಲ್ಲಿಸಿ, ಅವನ ತಲೆಯ ಮೇಲೇ ಏರಿ ಹೋಯಿತು.

ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಕಾನ್‌ಸ್ಟೇಬಲ್‌ಗಳು ಅವನ ರೆಟ್ಟೆ ಹಿಡಿದಿದ್ದರು. ಒಬ್ಬಳು ಹೆಣ್ಣುಮಗಳು ಕೂಸನ್ನು ಎದೆಗವಚಿಕೊಂಡು ಅವನ ಕಾಲ ಬಳಿ ಕುಳಿತು ಅಳುತ್ತಿದ್ದಳು. ತಾತ ನನ್ನನ್ನು ನೋಡಿ ನಕ್ಕ.

"ಕೂಸಿತ್ತು ಸಾರ್. ಅದೊಂದು ಮಾತು ಬರೀರಿ. ಸಾಕು."

ವಿಮಾನ ಇಳಿದ ಮೇಲೆ ಅದನ್ನು ನಡೆಸುವವನೂ ತನ್ನ ಭಾಷೆಯಲ್ಲಿ ತಾತನ ಪರವಾಗಿಯೇ ಹೇಳಿದ. ಮುದುಕ ತಡೆದನೆಂದರೆ ಅಲ್ಲಿ ಏನೋ ಇದ್ದೇ ಇರುತ್ತದೆ ಎಂದ.

ಇಂಥ ಘಟನೆಯ ವರದಿ ಅದೇ ದಿನ ಹೋಗಬೇಕಿತ್ತು. ಮಧ್ಯಾಹ್ನ ಬರೆಯಲು ಕುಳಿತೆ. ಮೊದಲ ಪ್ರತಿಯಲ್ಲಿ ಕೂಸಿನ ವಿಷಯ ಬರೆದೆ. ಓದಿ ನೋಡಿದೆ. ಪಕ್ಕದಲ್ಲೇ ಬೆಳಗಿನ ಪತ್ರವಿತ್ತು, 'ಹೊಲದಲ್ಲಿ ಯಾರೂ ಇರುವುದಿಲ್ಲ' ಎಂದು, ಕೆಳಗೆ ನನ್ನ ಸಹಿ. ಎರಡೂ ಒಂದೇ ಲಕೋಟೆಯಲ್ಲಿ ಹೋಗಬೇಕು. ಕೂಸು ಇತ್ತೆಂದರೆ ನನ್ನ ಸಹಿ ಸುಳ್ಳು. ಬಾಂಬು ಸಿಡಿದು ತಿಂಗಳಾಗಿರಲಿಲ್ಲ, ಮೇಲಿನವರೆಲ್ಲ ಉರಿಯುತ್ತಿದ್ದರು. ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರಿತ್ತು.

ಆ ಪ್ರತಿ ಹರಿದು ಇನ್ನೊಂದು ಬರೆದೆ. 'ಪಾಸ್ ಇಲ್ಲದ ವ್ಯಕ್ತಿಯೊಬ್ಬ ನಿಷೇಧಿತ ಪ್ರದೇಶವನ್ನು ಪ್ರವೇಶಿಸಿ, ಹಾರಾಟದಲ್ಲಿದ್ದ ವಿಮಾನಕ್ಕೆ ಬಟ್ಟೆಯಿಂದ ಸಂಜ್ಞೆ ಮಾಡಿದನು. ಹಾರಾಟಕ್ಕೆ ಅಡ್ಡಿಯಾಯಿತು. ಕಾವಲಿನವರು ಅವನನ್ನು ಕೂಡಲೇ ಹಿಡಿದರು.' ಒಂದು ಅಕ್ಷರವೂ ಸುಳ್ಳಲ್ಲ. ವರದಿ ಚೊಕ್ಕವಾಗಿದೆ ಎಂದು ಮೇಲಧಿಕಾರಿ ಹೊಗಳಿದರು.

ತಾತನನ್ನು ಎಂಟು ದಿನ ಠಾಣೆಗಳಲ್ಲಿ ಇಟ್ಟುಕೊಂಡರು. ಕರ್ನೂಲಿನಿಂದ, ಇನ್ನೂ ಮೇಲಿನಿಂದ ಬಂದವರು ಕೇಳಿದರು. ಬಿಳಿ ಬಟ್ಟೆ ಬೀಸಿದರೆ ಏನರ್ಥ, ಯಾರು ಹೇಳಿಕೊಟ್ಟರು, ನಿನ್ನ ಹಿಂದೆ ಯಾರಿದ್ದಾರೆ ಎಂದು. ಹೊಡೆದರೋ ಇಲ್ಲವೋ... ನಾನು ವಿಚಾರಿಸಲಿಲ್ಲ. ವಿಮಾನ ಮಾರನೆಯ ದಿನವೇ ಬೇರೆ ಜಿಲ್ಲೆಗೆ ಹೋಯಿತು. ಕಳೆಯ ಹೆಂಗಸರು ತಮ್ಮೂರಿಗೆ ಹೋದರು. ಒಂಬತ್ತನೆಯ ದಿನ, ಏನೂ ಸಿಗದೆ ಅವನನ್ನು ಬಿಟ್ಟರು. ಆದರೆ ಆರು ತಿಂಗಳು, ವಾರಕ್ಕೊಮ್ಮೆ ಠಾಣೆಗೆ ಹೋಗಿ ಹೆಬ್ಬೆಟ್ಟು ಒತ್ತಬೇಕಾಯಿತು.

ಅವನು ಒಮ್ಮೆ ನನ್ನ ಕಚೇರಿಗೆ ಬಂದ. ಬಾಗಿಲ ಹೊರಗೇ ನಿಂತ. ತಲೆಗೆ ರುಮಾಲು ಇರಲಿಲ್ಲ, ಅದನ್ನು ಸಾಕ್ಷ್ಯವೆಂದು ಠಾಣೆಯಲ್ಲಿ ಇಟ್ಟುಕೊಂಡಿದ್ದರಂತೆ.

"ಊರಾಗ ಮಂದಿ ಬಾಂಬಿನ ತಾತ ಅಂತಾರ್ರಿ," ಎಂದ. "ನಗ್ತಾರ, ಆದ್ರ ಕೆಲಸಕ್ಕ ಕರಿಯೂದಿಲ್ಲ. ನಾ ಏನೂ ತಪ್ಪು ಮಾಡಿಲ್ಲಂತ ಒಂದು ಚೀಟಿ ಬರದು ಕೊಡ್ರಿ. ಯಾರ ಕೈಲಾದ್ರೂ ಓದಿಸ್ತೀನಿ."

"ಅದನ್ನ ಪೊಲೀಸರು ಕೊಡಬೇಕು ತಾತಾ. ಅವರಿಗೆ ಅರ್ಜಿ ಹಾಕು."

"ಅವ್ರು ಅಲ್ಲಿರಲಿಲ್ಲಲ್ರಿ. ನೀವಿದ್ರಿ."

ನಾನು ಗಡಿಯಾರ ನೋಡಿದೆ. ಹನ್ನೊಂದಕ್ಕೆ ಸಭೆಯಿತ್ತು. ಹಾಗೆಂದೆ. ಅವನು ತಲೆಯಾಡಿಸಿ ಹೊರಟುಹೋದ. ಸಭೆ ಅರ್ಧ ಗಂಟೆ ತಡವಾಗಿ ಶುರುವಾಯಿತು. ಆ ಅರ್ಧ ಗಂಟೆ ನಾನು ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದೆ. ಒಂದು ಚೀಟಿ ಬರೆಯಲು ಎರಡು ನಿಮಿಷ ಸಾಕಿತ್ತು. ಬರೆದಿದ್ದರೆ ಜವಾನನನ್ನು ಓಡಿಸಿ ಬಸ್ ನಿಲ್ದಾಣದಲ್ಲಿ ಅವನನ್ನು ಹಿಡಿಯಬಹುದಿತ್ತು...

ಮರುವರ್ಷ ಬಡ್ತಿ ಬಂತು, ಜೊತೆಗೆ ವರ್ಗ. ಆಮೇಲೆ ನಾನು ದೇವನಕೊಂಡದ ಕಡೆ ಹೋಗಲಿಲ್ಲ.

ಬಸ್ಸು ತಪ್ಪಿಸಿಕೊಂಡ ದಿನ, ನಾನು ಹತ್ತಿದ್ದು ದೇವನಕೊಂಡದ ಬಸ್ಸು. ಊರಲ್ಲಿ ವಿಚಾರಿಸಿ ತಾತನ ಮನೆಗೆ ಹೋದೆ. ಅವನು ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಗಿತ್ತು. ಮಗನಿದ್ದ, ಅವನೂ ಈಗ ಮುದುಕನೇ. ಕಟ್ಟೆಯ ಮೇಲೆ ಗೋಣಿಚೀಲ ಹಾಸಿ ಕೂರಿಸಿ, ನೀರು ಕೊಟ್ಟ. ನಿಮ್ಮ ತಂದೆಯನ್ನು ಬಲ್ಲೆ ಎಂದಷ್ಟೇ ಹೇಳಿದೆ.

"ಕಡೀತನಕಾ ಗಟ್ಟಿ ಇದ್ದ ಸಾರ್," ಎಂದ. "ಒಂದೇ ಒಂದು ಚಾಳಿ ಇತ್ತು. ಮ್ಯಾಲೆ ವಿಮಾನ ಹೋದ್ರ ಎರಡೂ ಕೈ ಕಂಕುಳಾಗ ಇಟ್ಕೊಂಡು ಕುಂದರ್ತಿದ್ದ. ಸದ್ದು ಹೋಗೂತನಕ ತೆಗೀತಿರಲಿಲ್ಲ. ಉಣ್ಣಾಕ ಕುಂತಿದ್ರೂ ಅಷ್ಟೇ. ಹುಡುಗ್ರೆಲ್ಲಾ ನಗತಿದ್ರು."

ಆಗ ನಾನು ಯಾರೆಂದು ಹೇಳಿದೆ. ಜೋಲಿ, ಕೂಸು, ಹರಿದ ಪ್ರತಿ, ಎಲ್ಲವನ್ನೂ ಹೇಳಿದೆ. ಬೈಯುತ್ತಾನೆಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ಅಪ್ಪ ಹೇಳ್ತಿದ್ದ," ಎಂದ. "ಕೂಸಿತ್ತು, ಕೂಸಿತ್ತು ಅಂತ ಎಷ್ಟೋ ಸಲ ಹೇಳ್ತಿದ್ದ. ದೊಡ್ಡ ಆಫೀಸರು ಅಲ್ಲೇ ಇದ್ರು, ಕೂಸು ಇದ್ದಿದ್ರ ಅವ್ರು ಬರೀತಿದ್ರಲ್ಲಾ ಅಂದ್ಕೊಂಡು ನಾವು ನಂಬಿರಲಿಲ್ರಿ."

ಅಷ್ಟು ಹೇಳಿ ಎದ್ದ. ಮನೆಯೊಳಗೆ ಹೋದ ಅವನು ಮತ್ತೆ ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತು ಕಾದು, ಲೋಟ ಕಟ್ಟೆಯ ಮೇಲಿಟ್ಟು ಎದ್ದೆ. ಹೇಳಬೇಕಾಗಿದ್ದ ಮಾತು ಹೇಳಿದ್ದಾಯಿತು. ಅದನ್ನು ಕೇಳಬೇಕಾಗಿದ್ದವನು ಅದನ್ನು ಕೇಳದೆ, ತನ್ನ ಮನೆಯವರ ಕಣ್ಣಲ್ಲೂ ಸುಳ್ಳುಗಾರನಾಗಿಯೇ ಹೋಗಿದ್ದಾನೆ.