ಮೈಕಿನಲ್ಲಿ ಹೇಳಿದ ಪಾಸ್‌ವರ್ಡ್

ಸೊಲ್ಲಾಪುರದ ಕಬಡ್ಡಿ ಪಂದ್ಯಗಳಿಗೆ ಮೈಕು ಹಿಡಿಯುತ್ತಿದ್ದವನಿಗೆ ನನ್ನ ನೆನಪು ದಪ್ಪ ಮೀಸೆ ಕೊಟ್ಟಿದೆ. ಆಗಿನ ಫೋಟೊದಲ್ಲಿ ಮೀಸೆಯೇ ಇಲ್ಲ. ಇರಲಿ, ಮೈಕನ್ನು ಕುಲ್ಫಿಯಂತೆ ತುಟಿಗೆ ಹಚ್ಚಿಕೊಳ್ಳುತ್ತಿದ್ದುದಂತೂ ನಿಜ. ಆಟದ ವರ್ಣನೆಯೆಲ್ಲ ಮರಾಠಿಯಲ್ಲಿ. ಗುಟ್ಟಿನ ಮಾತು ಮಾತ್ರ ಅದೇ ಮೈಕಿನಲ್ಲಿ, ಕನ್ನಡದಲ್ಲಿ. "ಕನ್ನಡ ಯಾರಿಗಿ ತಿಳೀತೈತ್ರಿ?" ಎನ್ನುತ್ತಿದ್ದ.

ಅಂಕಗಳು ಮೊಬೈಲ್ ಆ್ಯಪಿಗೆ ಬಂದ ಮೊದಲ ವರ್ಷದ ಫೈನಲ್ ಅದು. ಆ್ಯಪಿನಲ್ಲಿ ಗೆದ್ದ ತಂಡವೇ ರಾಜ್ಯಮಟ್ಟಕ್ಕೆ ಹೋಗಬೇಕು. ಅಂಕಣದ ಆಚೆ ಬದಿ ಕುಳಿತು ಅಂಕ ತುಂಬುತ್ತಿದ್ದ ನಮ್ಮ ಕಂದಲಗಾಂವದ ಮೇಷ್ಟ್ರು ಪಾಸ್‌ವರ್ಡ್ ಮರೆತು ಮೈಕಿನವನತ್ತ ಕೈ ಬೀಸಿದರು. ಇವನು ಮೈಕಿನಲ್ಲೇ, ಕನ್ನಡದಲ್ಲಿ, ಒಂದೊಂದಾಗಿ ಅಕ್ಷರ ಬಿಡಿಸಿ ಹೇಳಿದ. ನಮ್ಮೂರ ತಂಡದ ಎದುರಾಳಿಗಳು ಅಕ್ಕಲಕೋಟೆಯವರು. ಅವರ ಬೆಂಬಲಿಗರೆಲ್ಲ ಮನೆಯಲ್ಲಿ ಆಡುವುದೇ ಕನ್ನಡ.

ಸ್ವಲ್ಪ ಹೊತ್ತಿಗೆ ಆ್ಯಪಿನಲ್ಲಿ ಅಕ್ಕಲಕೋಟೆ ತೊಂಬತ್ತು ಅಂಕ ಮುಂದಿತ್ತು. ನಮ್ಮ ಹುಡುಗರು ಅಂಕಣದಲ್ಲೇ ಕುಸಿದು ಕುಳಿತರು.

"ನಿನ್ನ ಬಾಯಿಗಿ ಮೊದಲ ಕೀಲಿ ಹಾಕೋ ಮಾರಾಯಾ!" ಎಂದು ಮೇಷ್ಟ್ರು ಚೀರಿದರು.

ಅವನು ಮತ್ತೆ ಮೈಕಿಗೇ ಮೊರೆಹೋದ. "ಯಾವಾಂವ ಮಾಡಿದ್ಯೋ ಯಪ್ಪಾ, ಮೊದಲ ಇದ್ದಂಗ ಮಾಡಿಡು. ಹುಡುಗೂರು ವರ್ಷಾನಗಟ್ಟಲೆ ಮೈ ಮುರದು ದುಡದಾರ."

ಜನ ನಕ್ಕರು. ಆದರೆ ಅಕ್ಕಲಕೋಟೆಯ ಅಂಕಗಳು ಇಳಿದವು. ಮೇಷ್ಟ್ರು ತುಂಬಲು ಮರೆತಿದ್ದ ನಮ್ಮದೊಂದು ಅಂಕವನ್ನೂ ಆ ಕಾಣದ ಕೈಯೇ ಸೇರಿಸಿತು. ಆ ಒಂದೇ ಅಂಕದಿಂದ ಗೆದ್ದೆವೆಂದು ಹೇಳುತ್ತ ಬಂದಿದ್ದೇನೆ. ನಿಜಕ್ಕೂ ಅಂತರ ಎರಡೋ ಮೂರೋ ಇರಬೇಕು.

ಆಗ ಅವನು ಅದೇ ಮೈಕಿನಲ್ಲಿ, ಅದೇ ಕನ್ನಡದಲ್ಲಿ ಮೇಷ್ಟ್ರಿಗೆ ಹೇಳಿದ: "ಸರ್, ಹೊಸಾ ಪಾಸ್‌ವರ್ಡ್ ಇಡ್ರಿ. ನನಗ ಮಾತ್ರ ಹೇಳಬ್ಯಾಡ್ರಿ."